ಹೆಸರು ಹಿಡಿದು ಕೇಳುವ ಹುಡುಗ

ಉರ್ದು ಕವಿ ಅಖ್ತರ್ ಉಲ್ ಈಮಾನ್ (1915–1996) ಅವರನ್ನು ಕುರಿತ ಬರಹಗಳಲ್ಲಿ ಒಂದು ಪ್ರಶಂಸೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ದಶಕಗಳ ಕಾಲ ಹಿಂದಿ ಚಿತ್ರರಂಗದ ಉಪ್ಪುಂಡರೂ ಅವರು ಸಿನಿಮಾಕ್ಕೆ ಹಾಡು ಬರೆಯಲು ಒಪ್ಪಲಿಲ್ಲ, ಚಿತ್ರಕತೆ ಮತ್ತು ಸಂಭಾಷಣೆಗಳಿಗಷ್ಟೇ ತಮ್ಮ ಕೈಯನ್ನು ಕೂಲಿಗೆ ಕೊಟ್ಟು ಕಾವ್ಯವನ್ನು ಮಡಿಯಲ್ಲಿಟ್ಟರು, ಹಾಗಾಗಿ ಅವರ ಕವಿತೆಗೆ ಪೇಟೆಯ ಮೈಲಿಗೆ ತಗುಲಲಿಲ್ಲ ಎಂಬುದು ಆ ಪ್ರಶಂಸೆಯ ಸಾರ. ಇದರಲ್ಲಿ ಹಾಡು ಬರೆಯಲಿಲ್ಲ ಎಂಬಷ್ಟು ನಿಜ, ಉಳಿದದ್ದು ವಿಮರ್ಶಕರು ಕಟ್ಟಿಕೊಂಡ ಕತೆ. ಕವಿಯ ನಡತೆಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಕವಿತೆಯ ಗುಣವೆಂದು ಬರೆದುಕೊಂಡದ್ದರಿಂದ ಎರಡು ನಷ್ಟಗಳಾಗಿವೆ. ಕವಿತೆಯಲ್ಲಿ ನಿಜವಾಗಿ ಹೊಸದಾಗಿದ್ದುದೇನು ಎಂಬ ಪ್ರಶ್ನೆ ಹಿಂದೆ ಸರಿದಿದೆ. ಅದೇ ಕೈ ಬರೆದ ಸಂಭಾಷಣೆಯನ್ನು ಸಾಹಿತ್ಯದ ಅಳತೆಗೋಲಿನಿಂದ ಅಳೆಯಬೇಕೆಂಬ ಯೋಚನೆಯೇ ಯಾರಿಗೂ ಬಂದಿಲ್ಲ.

ಜೀವನದ ವಿವರಗಳು ಉರ್ದು ಓದುಗರಿಗೆ ಪರಿಚಿತವಾದವು. ಇಲ್ಲಿ ಬೇಕಾದಷ್ಟನ್ನು ಮಾತ್ರ ಹೇಳಿದರೆ ಸಾಕು. ಉತ್ತರ ಪ್ರದೇಶದ ಬಿಜ್ನೋರ್ ಜಿಲ್ಲೆಯ ನಜೀಬಾಬಾದ್ ಸೀಮೆಯಲ್ಲಿ ಹುಟ್ಟಿದ ಅಖ್ತರ್ ಅವರ ತಂದೆ ಹಳ್ಳಿಯ ಮಸೀದಿಗಳಲ್ಲಿ ನಮಾಜು ನಡೆಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು, ಹಾಗಾಗಿ ಸಂಸಾರ ಊರಿಂದ ಊರಿಗೆ ಗಂಟು ಕಟ್ಟುತ್ತಲೇ ಇತ್ತು. ಬಾಲ್ಯದ ಒಂದು ಭಾಗ ದೆಹಲಿಯ ಅನಾಥಾಲಯವೊಂದರಲ್ಲಿ ಕಳೆಯಿತು. ದೆಹಲಿಯಲ್ಲಿ ಓದು, ಆಕಾಶವಾಣಿಯಲ್ಲಿ ಕೆಲಕಾಲ ಕೆಲಸ, ಆಮೇಲೆ ಪುಣೆಯ ಶಾಲಿಮಾರ್ ಪಿಕ್ಚರ್ಸ್ ಸಂಸ್ಥೆಯಲ್ಲಿ ಬರಹಗಾರನ ಹುದ್ದೆ, ಅಲ್ಲಿಂದ ಮುಂಬೈ. ನವ್ಯ ಉರ್ದು ಕಾವ್ಯದ ಮೂಲಪುರುಷರಲ್ಲಿ ಒಬ್ಬರಾದ ಮೀರಾಜಿ 1949ರಲ್ಲಿ ತೀರಿಕೊಳ್ಳುವ ಮುನ್ನ ಮುಂಬೈಯಲ್ಲಿ ಅವರನ್ನು ನೋಡಿಕೊಂಡವರು ಅಖ್ತರ್. 1943ರ ‘ಗಿರ್ದಾಬ್’ (ಸುಳಿ ಎಂದರ್ಥ) ಮೊದಲ ಸಂಕಲನ. 1961ರ ‘ಯಾದೇಂ’ ಸಂಕಲನಕ್ಕೆ ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1969ರ ‘ಬಿಂತೆ ಲಮ್ಹಾತ್’ (ಕ್ಷಣಗಳ ಮಗಳು) ಅವರ ನಡುಹಗಲಿನ ಸಂಕಲನ. ಇನ್ನೊಂದು ಕಡೆ ಬಿ.ಆರ್. ಚೋಪ್ರಾ ಮತ್ತು ಯಶ್ ಚೋಪ್ರಾ ಸಹೋದರರ ‘ಕಾನೂನ್’ (1960), ‘ಧರ್ಮಪುತ್ರ’ (1961), ‘ಗುಮ್‌ರಾಹ್’ (1963), ‘ವಕ್ತ್’ (1965), ‘ಹಮ್‌ರಾಜ್’ (1967), ‘ಇತ್ತೆಫಾಕ್’ (1969) ಚಿತ್ರಗಳ ಸಂಭಾಷಣೆ ಅವರದು. ‘ಧರ್ಮಪುತ್ರ’ ಮತ್ತು ‘ವಕ್ತ್’ ಎರಡಕ್ಕೂ ಸಂಭಾಷಣೆಯ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿದೆ. ಈ ಎರಡು ಪಟ್ಟಿಗಳನ್ನು ಉರ್ದು ವಿಮರ್ಶೆ ಎರಡು ಬೇರೆ ಜನರ ಜಾತಕಗಳಂತೆ ಓದುತ್ತ ಬಂದಿದೆ.

ಅಖ್ತರ್ ಆರಿಸಿಕೊಂಡ ಪ್ರಕಾರ ನಜ್ಮ್. ಗಜಲ್‌ನಲ್ಲಿ ಪ್ರತಿಯೊಂದು ದ್ವಿಪದಿಯೂ ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲದು, ಒಂದರ ಮಾತಿಗೆ ಇನ್ನೊಂದು ಜವಾಬ್ದಾರನಲ್ಲ; ನಜ್ಮ್ ಎಂದರೆ ಒಂದೇ ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ಬೆಳೆಸುವ ಕವಿತೆ. ಗಜಲನ್ನು ಅವರು ಬಹುಮಟ್ಟಿಗೆ ದೂರವೇ ಇಟ್ಟರು. ಗಜಲಿನ ಇಂಪಿಗೆ ಪಳಗಿದ ಕಿವಿ ತಮ್ಮ ಪದ್ಯಗಳನ್ನು ಒರಟು, ನೀರಸ ಎಂದುಕೊಳ್ಳುತ್ತದೆ ಎಂಬ ಅರಿವು ಅವರಿಗಿತ್ತು, ಸಂಕಲನಗಳ ಮುನ್ನುಡಿಗಳಲ್ಲಿ ಆ ಬಗ್ಗೆ ಓದುಗನೊಡನೆ ಜಗಳವನ್ನೂ ಆಡಿದ್ದಾರೆ. ಪ್ರಗತಿಶೀಲರು ಅವರನ್ನು ನಿರಾಶಾವಾದಿ ಎಂದು ಬದಿಗಿಟ್ಟದ್ದು, ಮುಂದೆ ಆಧುನಿಕತಾವಾದಿಗಳು ತಮ್ಮವರೆಂದು ಎತ್ತಿಕೊಂಡದ್ದು ಹಳೆಯ ವ್ಯಾಜ್ಯ. ಎರಡೂ ಪಕ್ಷಗಳು ಕವಿತೆಗಿಂತ ಹೆಚ್ಚಾಗಿ ಕವಿಯ ಸದಸ್ಯತ್ವವನ್ನೇ ಚರ್ಚಿಸಿದವು ಎಂದಷ್ಟೇ ಹೇಳಿ ಮುಂದೆ ಹೋಗಬಹುದು.

ಮಡಿಯ ಕತೆಗೆ ಹೊಂದಿಕೊಳ್ಳುವಂತೆ ಎತ್ತಿ ಹಿಡಿಯಲಾದ ಕವಿತೆ ‘ಮಸ್ಜಿದ್’. ಊರಾಚೆ ಹಾಳುಬಿದ್ದ ಮಸೀದಿ, ಅದರ ಪಕ್ಕದಲ್ಲೇ ಹರಿಯುವ ಹೊಳೆ, ಉಳಿದ ಗೋಡೆಗಳನ್ನೂ ಕೊಚ್ಚಿಕೊಂಡು ಹೋಗುವೆನೆಂಬ ಪ್ರವಾಹದ ಬೆದರಿಕೆ, ಇವು ಅದರ ಸಾಮಗ್ರಿ. ಮಸೀದಿ ಧರ್ಮಕ್ಕೆ, ಹೊಳೆ ಕಾಲಕ್ಕೆ ಸಂಕೇತ ಎಂದು ಕವಿಯೇ ವಿವರಿಸಿಕೊಟ್ಟಿದ್ದಾರೆ. ಅಂಥ ವಿವರಣೆ ಸಲೀಸಾಗಿ ಸಾಧ್ಯವಾಯಿತು ಎಂಬಲ್ಲಿಯೇ ಕವಿತೆಯ ಮಿತಿ ಕಾಣುತ್ತದೆ. ಸಂಕೇತ ಮತ್ತು ಅದರ ಅರ್ಥ ಬೀಗ ಮತ್ತು ಕೀಲಿಕೈಯಂತೆ ಕೂಡಿಕೊಂಡ ಮೇಲೆ ಓದುಗನಿಗೆ ಉಳಿಯುವ ಕೆಲಸ ಬಾಗಿಲು ತೆರೆಯುವುದಷ್ಟೇ. ಹೊರಗಿನಿಂದ ನೋಡುವ ಒಬ್ಬ ವಿಷಣ್ಣ ಪ್ರೇಕ್ಷಕ ಇಲ್ಲಿ ಮಾತಾಡುತ್ತಾನೆ, ಅವನಿಗೆ ಯಾರೂ ಎದುರಾಡುವುದಿಲ್ಲ. ಪಠ್ಯಪುಸ್ತಕಕ್ಕೆ ಹೇಳಿ ಮಾಡಿಸಿದಂತಿರುವ ಇದನ್ನು ಅವರ ಪ್ರಾತಿನಿಧಿಕ ಕವಿತೆ ಎನ್ನುವವರು ಅವರ ಶಕ್ತಿ ಎಲ್ಲಿದೆಯೋ ಅಲ್ಲಿಗೆ ಬೆನ್ನು ಮಾಡಿ ಕೂತಿದ್ದಾರೆ. ಎದುರಾಡುವ ದನಿಯೊಂದು ಕವಿತೆಯೊಳಗೆ ಬಂದ ಗಳಿಗೆಯಿಂದ ಅಖ್ತರ್ ಬೇರೆಯೇ ಕವಿಯಾಗುತ್ತಾರೆ, ಮತ್ತು ಆ ದನಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುವುದು ‘ಏಕ್ ಲಡ್ಕಾ’ (ಒಬ್ಬ ಹುಡುಗ) ಎಂಬ ಕವಿತೆಯಲ್ಲಿ.

ಈ ಕವಿತೆ ಪ್ರಸಿದ್ಧವಾದದ್ದೇ. ಆದರೆ ಅದನ್ನು ಕಳೆದ ಬಾಲ್ಯದ ಹಳಹಳಿಕೆ ಎಂದು ಓದುವ ರೂಢಿ ಬಿದ್ದುಹೋಗಿದೆ. ಆ ರೂಢಿಗೆ ಕವಿಯೂ ಸ್ವಲ್ಪ ಕಾರಣ. ಹುಡುಗನಾಗಿದ್ದಾಗ ಒಂದು ಹಳ್ಳಿಯನ್ನು ಬಿಡಲೊಲ್ಲದೆ ಅತ್ತು ಕೊನೆಗೆ ಎತ್ತಿನ ಗಾಡಿ ಹತ್ತಬೇಕಾಗಿ ಬಂದ ನೆನಪೇ ಈ ಪದ್ಯದ ಬೇರು ಎಂದು ಅವರು ಹೇಳಿಕೊಂಡಿದ್ದಾರೆ. ಬೇರು ಯಾವುದೇ ಇರಲಿ, ಗಿಡದ ಜಾತಿ ಬೇರೆ. ಕವಿತೆಯ ಮೊದಲ ಭಾಗ ಒಂದೇ ಉಸಿರಿನ ದೀರ್ಘ ಪಟ್ಟಿ: ದಿಬ್ಬ, ಮಾವಿನ ತೋಪು, ಹೊಲದ ಬದು, ಕೆರೆ, ಕೇರಿ, ಜಾತ್ರೆ, ನಾಟಕದವರ ಬಿಡಾರ, ಚಿಟ್ಟೆಗಳ ಬೆನ್ನು ಹತ್ತಿದ ಒಂಟಿ ದಾರಿ, ಹಕ್ಕಿಮರಿಗಳು ಮಲಗುವ ಗುಟ್ಟಿನ ಜಾಗ. ‘ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ’ ಎಂದು ಹಾರುತ್ತ ಹೋಗುವ ಈ ವಾಕ್ಯಕ್ಕೆ ಸಾಲುಗಟ್ಟಲೆ ಕರ್ತೃಪದವೂ ಇಲ್ಲ, ಕ್ರಿಯಾಪದವೂ ಇಲ್ಲ. ಯಾರು, ಏನು ಮಾಡುತ್ತಿದ್ದಾನೆ ಎಂಬುದು ತಿಳಿಯದೆ ಓದುಗ ಜಾಗದಿಂದ ಜಾಗಕ್ಕೆ ಓಡಬೇಕು. ಕೊನೆಗೆ ಅಲೆಮಾರಿ ಹುಡುಗನೊಬ್ಬ ಕರ್ತೃವಾಗಿ ಬಂದು, ಇನ್ನೂ ಒಂದು ಸಾಲು ದಾಟಿದ ಮೇಲೆ ಅವನು ‘ಕಾಣಿಸುತ್ತಾನೆ’ ಎಂಬ ಕ್ರಿಯಾಪದ ಸಿಗುತ್ತದೆ. ಕ್ಯಾಮೆರಾ ಮೊದಲು ಊರನ್ನೆಲ್ಲ ಸುತ್ತಿ ಆಮೇಲೆ ಮನುಷ್ಯನ ಮುಖಕ್ಕೆ ಬರುವ ಕ್ರಮ ಇದು. ಹುಡುಗ ಕಂಡ ಕೂಡಲೇ ಹಳಹಳಿಕೆ ಮುಗಿಯುತ್ತದೆ. ಅವನು ನೆರಳಿನಂತೆ ಬೆನ್ನು ಹತ್ತಿದ್ದಾನೆ, ಮಾತಾಡುತ್ತಿರುವವನು ತಲೆ ಮರೆಸಿಕೊಂಡ ಆರೋಪಿಯಂತೆ ಓಡುತ್ತಿದ್ದಾನೆ. ಮಾವಿನ ತೋಪಿನಿಂದ ಪೊಲೀಸು ಠಾಣೆಗೆ ಬರಲು ಕವಿತೆಗೆ ಎರಡು ಮೂರು ಸಾಲು ಸಾಕಾಗಿದೆ.

ಆಮೇಲೆ ಬರುವುದು ಪ್ರಶ್ನೆ. ಹುಡುಗ ಕವಿಯ ಪೂರ್ಣ ನಾಮಧೇಯವನ್ನು ಹಿಡಿದು, ಆ ಹೆಸರಿನವನು ನೀನೇನಾ ಎಂದು ಕೇಳುತ್ತಾನೆ. ಮೂರು ಭಾಗಗಳ ಕೊನೆಗೆ ಮೂರು ಸಲ ಈ ಪ್ರಶ್ನೆ ಪಲ್ಲವಿಯಂತೆ ಮರಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಜಲಿನ ಕೊನೆಯ ದ್ವಿಪದಿಯಲ್ಲಿ, ಅಂದರೆ ಮಕ್ತಾದಲ್ಲಿ, ಕವಿ ತನ್ನ ಕಾವ್ಯನಾಮವನ್ನು (ತಖಲ್ಲುಸ್) ಸೇರಿಸುವುದು ಸಂಪ್ರದಾಯ. ಕನ್ನಡದ ಓದುಗ ಇದನ್ನು ಅಂಕಿತದ ಮೂಲಕ ಅರ್ಥ ಮಾಡಿಕೊಳ್ಳಬಲ್ಲ, ಆದರೆ ವಚನಕಾರರ ಮತ್ತು ದಾಸರ ಅಂಕಿತ ದೇವರ ಹೆಸರಾಗಿದ್ದು ಮಾತನ್ನು ತನಗಿಂತ ದೊಡ್ಡದೊಂದಕ್ಕೆ ಒಪ್ಪಿಸಿಬಿಡುತ್ತದೆ. ಗಜಲಿನ ತಖಲ್ಲುಸ್ ಕವಿಯ ಮೊಹರು, ಅದರಲ್ಲಿ ಸರಸ, ಬಿಂಕ, ಸ್ವಮರುಕ ಎಲ್ಲಕ್ಕೂ ಎಡೆಯುಂಟು, ಆದರೆ ವಿಚಾರಣೆಗೆ ಎಡೆಯಿಲ್ಲ. ಗಜಲನ್ನು ಬಿಟ್ಟ ಅಖ್ತರ್ ಅದರ ಈ ಒಂದು ಉಪಾಯವನ್ನು ಮಾತ್ರ ಉಳಿಸಿಕೊಂಡು ಅದರ ದಿಕ್ಕನ್ನು ತಿರುಗಿಸಿದ್ದಾರೆ. ಹೆಸರನ್ನು ಹೇಳುವವನು ಕವಿಯಲ್ಲ, ಅವನನ್ನು ಹಿಂಬಾಲಿಸಿದ ಹುಡುಗ. ಹೇಳಿದ್ದು ಮುದ್ದಿನ ಕಾವ್ಯನಾಮವಲ್ಲ, ಶಾಲೆಯ ಹಾಜರಿ ಪುಸ್ತಕದಲ್ಲೂ ಕೋರ್ಟಿನ ಸಮನ್ಸಿನಲ್ಲೂ ಇರುವಂಥ ಇಡೀ ಹೆಸರು. ಮುಗಿಸುವುದಕ್ಕೆಂದು ಇದ್ದ ಮೊಹರು ಈಗ ಕಟ್ಟಳೆಯ ಕಾಗದವಾಗಿದೆ.

ಛಂದಸ್ಸು ಈ ಕೆಲಸದಲ್ಲಿ ಪಾಲು ಪಡೆದಿದೆ. ಕವಿತೆಯ ಲಯ ಹಜಜ್ ಎಂಬ ಬಹರ್. ಕನ್ನಡದ ಲೆಕ್ಕದಲ್ಲಿ ಹೇಳುವುದಾದರೆ ಯಗಣದ ಮೇಲೆ ಇನ್ನೊಂದು ಗುರು, ಅಂದರೆ ಒಂದು ಲಘು ಮೂರು ಗುರುಗಳ ಗಣ, ಸಾಲಿಗೆ ಅಂಥವು ನಾಲ್ಕು. ಉರ್ದು ಕಿವಿಗೆ ತೀರ ಬಳಕೆಯ, ಸರಾಗವಾಗಿ ಓಡುವ ನಡೆ ಇದು. ಪ್ರಶ್ನೆಯ ಸಾಲನ್ನು ಗಣ ವಿಂಗಡಿಸಿ ನೋಡಿದರೆ ಹೆಸರಿನ ಮೊದಲ ಗುರು ‘ಅಖ್’ ಎರಡನೆಯ ಗಣದ ತುದಿಗೆ ಬೀಳುತ್ತದೆ, ‘ತರುಲೀಮಾ’ ಎಂಬಷ್ಟು ಮೂರನೆಯ ಗಣವನ್ನು ಅಂಚಿನಿಂದ ಅಂಚಿಗೆ ತುಂಬುತ್ತದೆ, ಉಳಿದ ‘ನ್’ ನಾಲ್ಕನೆಯ ಗಣದ ಲಘುವಾಗಿ ಆಚೆಗೆ ಜಾರುತ್ತದೆ. ಅರ್ಥದಲ್ಲಿ ಹೆಸರನ್ನು ಇಡಿಯಾಗಿ ಕೂಗಲಾಗಿದೆ, ಲಯದಲ್ಲಿ ಅದು ಮೂರು ಹೋಳಾಗಿದೆ. ಆ ಹೆಸರಿನವನು ನೀನೇನಾ ಎಂಬ ಸಂಶಯ ವಾಕ್ಯದಲ್ಲಿ ಬರುವ ಮೊದಲೇ ಗಣಗಳ ಗಡಿಯಲ್ಲಿ ಬಂದುಬಿಟ್ಟಿದೆ. ಇದು ಕವಿಯ ಎಣಿಕೆಯೋ ಹೆಸರಿನ ಮಾತ್ರೆಗಳ ಆಕಸ್ಮಿಕವೋ ಎಂದು ಕೇಳಬಹುದು. ಆಕಸ್ಮಿಕವಾಗಿದ್ದರೂ ಮೂರು ಸಲ ಅದೇ ಜಾಗದಲ್ಲಿ ಅದನ್ನು ಉಳಿಸಿಕೊಂಡದ್ದು ಆಯ್ಕೆ.

ಮೂರು ಸಲ ಮರಳುವ ಸಾಲಿನಲ್ಲಿ ಒಂದು ಸಣ್ಣ ಬದಲಾವಣೆಯಾಗುತ್ತದೆ, ಅದನ್ನು ಗಮನಿಸಿದವರು ಕಡಿಮೆ. ಮೊದಲ ಸಲ ಕೇಳುವವನು ಬರೀ ‘ಇವನು’, ಕೇಳಿಸಿಕೊಳ್ಳುವ ‘ನಾನು’ ಸಾಲಿನಲ್ಲೇ ಇದ್ದಾನೆ. ಮುಂದಿನ ಎರಡು ಸಲ ‘ಈ ಹುಡುಗ’ ಬಂದು ಆ ‘ನಾನು’ ಸಾಲಿನಿಂದ ಮಾಯವಾಗುತ್ತಾನೆ. ಪ್ರಶ್ನೆ ಕೇಳುವವನು ಗಟ್ಟಿಯಾದಂತೆಲ್ಲ ಉತ್ತರ ಕೊಡಬೇಕಾದವನು ಕರಗುತ್ತಾನೆ. ಇಷ್ಟು ದೊಡ್ಡ ಕೆಲಸವನ್ನು ಎರಡು ಸರ್ವನಾಮಗಳನ್ನು ಅತ್ತಿತ್ತ ಮಾಡಿ ಸಾಧಿಸುವುದು ನಾಟಕದ ಒಳ್ಳೆಯ ಸಂಭಾಷಣಕಾರನಿಗೆ ಗೊತ್ತಿರುವ ವಿದ್ಯೆ.

ನಡುವಿನ ಭಾಗಗಳು ಪ್ರಶ್ನೆಗೆ ಸಂದರ್ಭ ಒದಗಿಸುತ್ತವೆ. ಎರಡನೆಯದು ದೇವರ ಕೃಪೆಗಳನ್ನು ಒಪ್ಪಿಕೊಳ್ಳುವ ಸ್ತುತಿಯಾಗಿ, ಭಾರವಾದ ಪಾರ್ಸಿ ಪದಗಳಲ್ಲಿ, ಮಸೀದಿಯ ಉಪದೇಶಪೀಠದ ದನಿಯಲ್ಲಿ ಆರಂಭವಾಗುತ್ತದೆ. ಅದೇ ದನಿಯಲ್ಲಿ, ರಾಗ ಬದಲಿಸದೆ, ನೀಚರಿಗೆ ಸಿರಿಯನ್ನೂ ತನಗೆ ದಾರಿದ್ರ್ಯವನ್ನೂ ಕೊಟ್ಟವನು ಅವನೇ ಎಂದು ಮುಂದುವರಿದು, ಯಾರ ಮುಂದಾದರೂ ಸೆರಗೊಡ್ಡಿದಾಗಲೆಲ್ಲ ಹುಡುಗ ಬಂದು ಹೆಸರು ಕೇಳುತ್ತಾನೆ ಎಂಬಲ್ಲಿಗೆ ನಿಲ್ಲುತ್ತದೆ. ಮೂರನೆಯ ಭಾಗ ಇನ್ನೂ ನೇರ. ಜೀವನೋಪಾಯ ಬೇರೆಯವರ ಕೈಯಲ್ಲಿದೆ, ತನ್ನಲ್ಲಿರುವುದು ಚುರುಕು ಬುದ್ಧಿ ಮಾತ್ರ. ಅನ್ನಕ್ಕಾಗಿ ಗೆದ್ದವರ ಎದುರು ನಿಂತು ತನ್ನದೇ ಹಾಡನ್ನು ಅವರದೆಂದು ಹೇಳಿ ನಗಬೇಕು. ನಿದ್ದೆಗೆಟ್ಟು ಬರೆದದ್ದನ್ನು ಖೋಟಾ ನಾಣ್ಯದಂತೆ ಎಲ್ಲರಿಗೂ ತೋರಿಸಿಕೊಂಡು ತಿರುಗಬೇಕು. ನಾಲ್ಕನೆಯ ಭಾಗದಲ್ಲಿ ಅವನು ಸಿಡಿಮಿಡಿಗೊಂಡು, ನೀನು ಕೇಳುವವನು ಎಂದೋ ಸತ್ತ, ನಾನೇ ಮೋಸದ ಕಫನು ಹೊದಿಸಿ ಅವನ ಆಸೆಗಳ ಗೋರಿಯಲ್ಲೇ ಹಾಕಿಬಂದೆ ಎನ್ನುತ್ತಾನೆ. ಹುಡುಗ ಮುಗುಳ್ನಕ್ಕು, ಅದು ಸುಳ್ಳು, ತಾನು ಬದುಕಿದ್ದೇನೆ ಎಂದು ಮೆಲ್ಲಗೆ ಹೇಳುವಲ್ಲಿಗೆ ಕವಿತೆ ಮುಗಿಯುತ್ತದೆ.

ಮೂರನೆಯ ಭಾಗವನ್ನು ಮಡಿವಂತ ವಿಮರ್ಶಕರು ಏನು ಮಾಡುತ್ತಾರೆ ಎಂಬುದು ಕುತೂಹಲದ ವಿಷಯ. ಅವರಲ್ಲಿ ಬಹುಪಾಲು ಜನ ಅದನ್ನು ‘ಬಂಡವಾಳಶಾಹಿ ಸಮಾಜದಲ್ಲಿ ಕಲಾವಿದನ ಪಾಡು’ ಎಂಬ ದೊಡ್ಡ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಕವಿತೆ ಹೇಳುತ್ತಿರುವುದು ಅಷ್ಟು ಸಾಮಾನ್ಯವಾದುದಲ್ಲ. ಕತೆಗೆ ಒಬ್ಬ, ಚಿತ್ರಕತೆಗೆ ಒಬ್ಬ, ಸಂಭಾಷಣೆಗೆ ಒಬ್ಬ ಎಂದು ಕೆಲಸವನ್ನು ಹಂಚಿ, ಉರ್ದು ಬಲ್ಲ ಸಂಭಾಷಣಕಾರನನ್ನು ‘ಮುನ್ಷಿ’ ಎಂದು ಕರೆದು, ಅವನು ಬರೆದದ್ದನ್ನು ನಟನ ಬಾಯಿಗೆ ಕೊಟ್ಟು ನಟನದೇ ಮಾತೆಂದು ಊರಿಗೆಲ್ಲ ಹಂಚುತ್ತಿದ್ದ ಒಂದು ಉದ್ಯಮದಲ್ಲಿ ದುಡಿದವನಿಗೆ, ತನ್ನದನ್ನು ಇನ್ನೊಬ್ಬರದೆಂದು ಹೇಳಿ ನಗುವುದು ರೂಪಕವಲ್ಲ, ತಿಂಗಳ ಸಂಬಳದ ಕೆಲಸ. ಸಿನಿಮಾ ಈ ಕವಿತೆಯ ಹೊಸ್ತಿಲಾಚೆ ನಿಂತಿಲ್ಲ, ಒಳಗೆ ಬಂದು ಹುಡುಗನ ಎದುರು ಆರೋಪಿಯಾಗಿ ನಿಂತಿದೆ. ಕವಿ ತನ್ನನ್ನು ನಿರಪರಾಧಿ ಎಂದು ಎಲ್ಲಿಯೂ ಸಾರಿಕೊಂಡಿಲ್ಲ. ಮಡಿಯ ಪ್ರಮಾಣಪತ್ರವನ್ನು ಅವರ ಪರವಾಗಿ ಬರೆದುಕೊಟ್ಟವರು ವಿಮರ್ಶಕರು. ಕವಿತೆಯೇ ಅಲ್ಲಗಳೆಯುವ ಗುಣವನ್ನು ಕವಿಗೆ ಕೊಡಮಾಡುವ ಈ ಔದಾರ್ಯಕ್ಕೆ ಬೇರೆ ಉದಾಹರಣೆ ಹುಡುಕುವುದು ಕಷ್ಟ. ಹಾಡು ಬರೆಯಲಿಲ್ಲ ಎಂಬುದನ್ನೇ ತಪಸ್ಸೆಂದು ಕೊಂಡಾಡುವ ವಾದ ಇನ್ನೊಬ್ಬರಿಗೂ ಅನ್ಯಾಯ ಮಾಡುತ್ತದೆ. ‘ಗುಮ್‌ರಾಹ್’, ‘ವಕ್ತ್’, ‘ಹಮ್‌ರಾಜ್’ ಚಿತ್ರಗಳಲ್ಲಿ ಅಖ್ತರ್ ಬರೆದ ಮಾತುಗಳ ನಡುವೆ ಹಾಡು ಬರೆದವರು ಸಾಹಿರ್ ಲುಧಿಯಾನ್ವಿ. ಒಂದೇ ಚಿತ್ರದಲ್ಲಿ, ಒಂದೇ ನಿರ್ಮಾಪಕರಿಂದ ಕೂಲಿ ಪಡೆದ ಇಬ್ಬರು ಕವಿಗಳಲ್ಲಿ ಹಾಡು ಬರೆದವನಿಗೆ ಮೈಲಿಗೆ, ಮಾತು ಬರೆದವನಿಗೆ ಮಡಿ ಎಂಬ ಪಂಕ್ತಿಭೇದಕ್ಕೆ ಯಾವ ಶಾಸ್ತ್ರದಲ್ಲಿ ಆಧಾರವಿದೆಯೋ ತಿಳಿಯದು.

ಸಂಭಾಷಣೆಯನ್ನೇ ನೋಡಬೇಕು. ‘ವಕ್ತ್’ ಚಿತ್ರದಲ್ಲಿ ರಾಜ್‌ಕುಮಾರ್ ವಹಿಸಿದ ರಾಜಾ ಎಂಬ ಪಾತ್ರ, ತನ್ನನ್ನು ಕಳ್ಳತನಕ್ಕೆ ಬೆಳೆಸಿದ ಚಿನಾಯ್ ಸೇಠನಿಗೆ ಗಾಜಿನ ಮನೆ ಮತ್ತು ಕಲ್ಲಿನ ಮಾತು ಹೇಳುವ ಸಂದರ್ಭ ಹಿಂದಿ ಬಲ್ಲವರಿಗೆಲ್ಲ ಬಾಯಿಪಾಠ. ಗಾಜಿನ ಮನೆಯವರು ಕಲ್ಲೆಸೆಯಬಾರದು ಎಂಬುದು ಇಂಗ್ಲಿಷಿನ ಹಳೆಯ ಗಾದೆ, ಕನ್ನಡಕ್ಕೂ ಅದು ಅನುವಾದವಾಗಿಯೇ ಬಂದಿದೆ. ಹಾಗಾದರೆ ಇದರಲ್ಲಿ ಅಖ್ತರ್ ಅವರದೇನು, ನಟನ ಗತ್ತಿನ ದನಿಯಲ್ಲದೆ ಬೇರೇನಿದೆ ಎಂದು ಸಿನಿಮಾ ಬರಹಗಾರರು ಕೇಳುತ್ತಾರೆ. ಉತ್ತರ ವ್ಯಾಕರಣದಲ್ಲಿದೆ. ಗಾದೆಯಲ್ಲಿರುವುದು ವಿಧಿ: ಎಸೆಯಬಾರದು. ಅಖ್ತರ್ ಆ ವಿಧಿಯನ್ನು ತೆಗೆದು ರೂಢಿಯನ್ನು ಹೇಳುವ ಕ್ರಿಯಾರೂಪವನ್ನು ಇಟ್ಟರು. ಅಂಥವರು ಕಲ್ಲು ಎಸೆಯುವ ಪರಿಪಾಠವಿಲ್ಲ ಎಂಬ ಧಾಟಿ ಅದಕ್ಕೆ ಬಂತು. ಬುದ್ಧಿ ಹೇಳುವವನು ಮೇಲೆ ನಿಲ್ಲಬೇಕಾಗುತ್ತದೆ, ರೂಢಿಯನ್ನು ನೆನಪಿಸುವವನು ಸಮಕ್ಕೆ ನಿಂತರೆ ಸಾಕು. ಕೈಕೆಳಗಿನವನೊಬ್ಬ ಧಣಿಯ ಎದುರು ಸಭ್ಯತೆಯ ಗೆರೆ ದಾಟದೆ ಬೆದರಿಕೆ ಹಾಕಲು ಉರ್ದುವಿನ ಮರ್ಯಾದೆಯ ಭಾಷೆ ಒದಗಿಸುವ ಸಂದು ಇದು. ಗಾದೆಯಲ್ಲಿಲ್ಲದ ಒಂದು ಸಂಬೋಧನೆಯೂ ಈ ವಾಕ್ಯಕ್ಕಿದೆ: ಚಿನಾಯ್ ಸೇಠ್. ಲೋಕದವರನ್ನು ಕುರಿತದ್ದಾಗಿ ಉಳಿಯಬಹುದಾಗಿದ್ದ ಮಾತು ಈ ಹೆಸರಿನಿಂದ ಒಬ್ಬನ ಎದೆಗೆ ಗುರಿಯಿಡುತ್ತದೆ. ಹೆಸರಿನ ಜತೆಗಿರುವ ‘ಸೇಠ್’ ಗೌರವವನ್ನು ಕೊಡುತ್ತಲೇ ಕಿತ್ತುಕೊಳ್ಳುತ್ತದೆ. ಹುಡುಗ ಕವಿಯ ಹೆಸರು ಹಿಡಿದು ಕೇಳಿದಾಗ ನಡೆದದ್ದೂ ಇದೇ ಬಗೆಯ ಕೆಲಸ. ಸಾಮಾನ್ಯ ಅಳಲಾಗಿ ಹರಿದುಹೋಗಬಹುದಾಗಿದ್ದ ಮಾತು ಹೆಸರಿನ ಬಳಿ ಬಂದು ಗಂಟಲು ಹಿಡಿಯುತ್ತದೆ. ರಾಜ್‌ಕುಮಾರರ ದನಿ ದೊಡ್ಡದೇ; ಆದರೆ ಆ ದನಿಗೆ ನಿಲ್ಲಲು ಜಾಗ ಮಾಡಿಕೊಟ್ಟದ್ದು ಸಂಬೋಧನೆಯ ಆ ಎರಡು ಪದಗಳು.

ಈ ಚಿತ್ರದ ಬಗ್ಗೆ ಇನ್ನೊಂದು ಸುಲಭದ ಓದು ಚಲಾವಣೆಯಲ್ಲಿದೆ. ಕಾಲ ಅಖ್ತರ್ ಕಾವ್ಯದ ಮುಖ್ಯ ವಸ್ತು, ಚಿತ್ರದ ಹೆಸರೇ ‘ಕಾಲ’, ರಾಜಾ ಅನಾಥಾಲಯದಿಂದ ಓಡಿಹೋದ ಹುಡುಗ, ಕವಿ ಅನಾಥಾಲಯದಲ್ಲಿ ಬೆಳೆದವರು, ಆದ್ದರಿಂದ ಎಲ್ಲವೂ ಆತ್ಮಕತೆ ಎಂಬ ಸರಪಳಿ ಅದು. ಚಿತ್ರದ ಕತೆ ಅಖ್ತರ್ ಮಿರ್ಜಾ ಎಂಬ ಬೇರೊಬ್ಬರದು ಎಂಬ ಒಂದೇ ಸಂಗತಿಗೆ ಈ ಸರಪಳಿ ಕಳಚಿ ಬೀಳುತ್ತದೆ. ಮಡಿಯವರು ಕವಿಯನ್ನೂ ಮುನ್ಷಿಯನ್ನೂ ಬೇರ್ಪಡಿಸಿ ಎಡವಿದರೆ ಇವರು ಕತೆಯನ್ನೂ ಬಾಳನ್ನೂ ಅಂಟಿಸಿ ಎಡವುತ್ತಾರೆ. ಕವಿತೆಗೂ ಸಂಭಾಷಣೆಗೂ ಇರುವ ನಂಟು ವಸ್ತುವಿನದಲ್ಲ, ಕಸುಬಿನದು.

‘ಕಾನೂನ್’ ಚಿತ್ರ ಈ ದೃಷ್ಟಿಯಿಂದ ಹೆಚ್ಚು ಮುಖ್ಯವಾಗಬೇಕಿತ್ತು. ಹಾಡು ಬರೆಯಲೊಲ್ಲದ ಕವಿ, ಒಂದೂ ಹಾಡಿಲ್ಲದ ಚಿತ್ರಕ್ಕೆ ಮಾತು ಬರೆದದ್ದು ಇಲ್ಲಿ. ‘ಇತ್ತೆಫಾಕ್’ನಲ್ಲಿಯೂ ಅದೇ ಆಯಿತು. ಹಾಡಿರುವ ಚಿತ್ರದಲ್ಲಿ ಮಾತು ಸೋತ ಕಡೆ ಸಂಗೀತ ಕೈಹಿಡಿಯುತ್ತದೆ, ಇಲ್ಲಿ ಆ ಆಸರೆ ಇಲ್ಲ. ಹಾಡು ಬೇಡವೆಂಬ ತೀರ್ಮಾನ ನಿರ್ದೇಶಕರದು, ಅದರ ಶ್ರೇಯಸ್ಸನ್ನು ಕವಿಗೆ ಹಚ್ಚಬೇಕಾಗಿಲ್ಲ, ಆದರೆ ಅದರ ಹೊರೆಯನ್ನು ಹೊತ್ತದ್ದು ಸಂಭಾಷಣೆ. ಚಿತ್ರದ ಆರಂಭದಲ್ಲಿ ಜೀವನ್ ಅಭಿನಯಿಸಿದ ಕಾಳಿದಾಸ ಎಂಬವನು ಕಟಕಟೆಯಲ್ಲಿ ನಿಂತಿದ್ದಾನೆ. ಒಬ್ಬ ಮನುಷ್ಯನನ್ನು ಕೊಂದನೆಂದು ಅವನಿಗೆ ಹಿಂದೆ ಶಿಕ್ಷೆಯಾಗಿತ್ತು, ಆದರೆ ಸತ್ತನೆಂದವನು ಬದುಕಿದ್ದ. ಶಿಕ್ಷೆ ಮುಗಿಸಿ ಬಂದ ಕಾಳಿದಾಸ ಈಗ ಅವನನ್ನು ನಿಜವಾಗಿಯೇ ಕೊಂದಿದ್ದಾನೆ. ಇದೇ ಕೊಲೆಗೆ ಶಿಕ್ಷೆಯನ್ನು ಆಗಲೇ ತೀರಿಸಿದ್ದೇನೆ, ಇಲ್ಲವೆಂದಾದರೆ ಕಳೆದ ವರ್ಷಗಳನ್ನು ಮರಳಿ ಕೊಡಿ ಎಂದು ನ್ಯಾಯಪೀಠವನ್ನು ಕೇಳಿ ಅಲ್ಲೇ ಕುಸಿದು ಸಾಯುತ್ತಾನೆ. ಅವನು ಬಿಡುಗಡೆ ಬೇಡುತ್ತಿಲ್ಲ, ಲೆಕ್ಕ ಕೇಳುತ್ತಿದ್ದಾನೆ. ಆರೋಪಿ ಪ್ರಶ್ನಿಸುವವನಾಗಿ, ಪ್ರಶ್ನಿಸಬೇಕಾದವರು ನಿರುತ್ತರರಾಗುವ ಈ ತಿರುವು ‘ಏಕ್ ಲಡ್ಕಾ’ ಓದಿದವರಿಗೆ ಹೊಸದೆನಿಸದು. ಇದೇ ಚಿತ್ರದ ಉಳಿದ ಭಾಗದಲ್ಲಿ ಮರಣದಂಡನೆಯ ವಿರುದ್ಧ ಬರುವ ದೀರ್ಘ ಭಾಷಣಗಳು ಸಂಪಾದಕೀಯ ಓದಿದಂತಿವೆ ಎಂಬುದನ್ನೂ ಒಪ್ಪಬೇಕು. ಎದುರಾಳಿ ಇದ್ದಾಗ ಹರಿತವಾಗುವ ಕೈ, ಸಭೆಯನ್ನು ಉದ್ದೇಶಿಸಬೇಕಾದಾಗ ಮೊಂಡಾಗುತ್ತದೆ. ‘ಮಸ್ಜಿದ್’ನಲ್ಲಿಯೂ ಕಂಡದ್ದು ಅದೇ ಮೊಂಡುತನ. ಅವರು ಬರೆದ ಚಿತ್ರಗಳಲ್ಲಿ ಬಹಳಷ್ಟು ಸಾಧಾರಣವಾದವು, ಕೆಲವನ್ನು ಬರೆಯದಿದ್ದರೂ ಯಾರಿಗೂ ನಷ್ಟವಿರಲಿಲ್ಲ. ಸಮತೋಲನದ ಬಾಬ್ತಿಗೆ ಇಷ್ಟು ಸಂದಾಯವಾಗಲಿ.

ನಡುವಯಸ್ಸಿನ ನಂತರದ ಕವಿತೆಗಳಲ್ಲಿ ಈ ಕಸುಬಿನ ಕೊಡುಕೊಳೆ ಇನ್ನಷ್ಟು ಬಹಿರಂಗವಾಗುತ್ತದೆ. ‘ಬಾಜ್‌ಆಮದ್’ (ಮರಳಿ ಬರವು) ಎಂಬ ಕವಿತೆಗೆ ‘ಒಂದು ಮೊಂಟಾಜ್’ ಎಂದು ಅವರೇ ಉಪಶೀರ್ಷಿಕೆ ಕೊಟ್ಟರು. ಮೊಂಟಾಜ್ ಎಂದರೆ ಬಿಡಿ ಬಿಡಿ ಚಿತ್ರಿಕೆಗಳನ್ನು ಒಂದರ ಪಕ್ಕ ಒಂದು ಕೂರಿಸಿ, ನಡುವಿನ ಸಂಬಂಧವನ್ನು ನೋಡುವವನ ಮನಸ್ಸಿಗೆ ಬಿಡುವ ಸಿನಿಮಾ ಜೋಡಣೆ. ಹೂವಿನಿಂದ ಹೂವಿಗೆ ಗುಟ್ಟು ಹೇಳಲು ಹೋಗುವ ಚಿಟ್ಟೆಗಳು, ಗುಟ್ಟು ಕೇಳಿ ನಗುವ ಹೂಗಳು ಎಂದು ತೆರೆದುಕೊಳ್ಳುವ ಆ ಕವಿತೆಯ ಹಣೆಯ ಮೇಲೆ ಕವಿಯೇ ಸಿನಿಮಾದ ಪರಿಭಾಷೆಯನ್ನು ಬರೆದಿಟ್ಟ ಮೇಲೂ ಸೋಂಕು ತಗುಲಲಿಲ್ಲ ಎನ್ನುವವರು ಓದಿದ್ದು ಯಾವ ಪ್ರತಿಯನ್ನು?

‘ದಾಸ್ನಾ ಸ್ಟೇಷನ್ ಕಾ ಮುಸಾಫಿರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದಾಸ್ನಾ ದೆಹಲಿಗೆ ಪೂರ್ವದಲ್ಲಿ, ಗಾಜಿಯಾಬಾದ್ ಕಡೆಯ ಒಂದು ಸಣ್ಣ ಊರು. ಕವಿತೆ ವರ್ಣನೆಯಿಲ್ಲದೆ, ಪೀಠಿಕೆಯಿಲ್ಲದೆ, ಚಿತ್ರಕತೆಯ ಹಾಳೆಯಂತೆ ಮಾತಿನಿಂದಲೇ ಆರಂಭವಾಗುತ್ತದೆ. ಇದು ಯಾವ ಸ್ಟೇಷನ್ನು ಎಂದು ಪ್ರಯಾಣಿಕ 
ಕೇಳುತ್ತಾನೆ; ಊರಿನ ಹೆಸರು ಹೇಳಿದವನು ಸಾಹೇಬರು ಇಳಿಯಬೇಕಿತ್ತೇ ಎಂದು ಮರ್ಯಾದೆಯಿಂದ ವಿಚಾರಿಸುತ್ತಾನೆ; ಇಲ್ಲ ಎಂಬ ಉತ್ತರ, ಅದರ ಬೆನ್ನಿಗೇ ‘ಆದರೆ’. ಆ ಆದರೆಯ ನಂತರ ಕೈಸರ್ ಎಂಬ ಹೆಂಗಸಿನ ಹೆಸರು, ಅವಳ ದೊಡ್ಡ ಕಣ್ಣುಗಳು, ನಿದ್ದೆಯಿಲ್ಲದ ಒಂದು ರಾತ್ರಿ ಬರುತ್ತವೆ. ಎದುರಿಗಿರುವವನಿಗೆ ಉತ್ತರ ‘ಇಲ್ಲ’ ಎಂಬಲ್ಲಿಗೆ ಮುಗಿದಿದೆ, ‘ಆದರೆ’ ಅವನಿಗೆ ಸೇರಿದ್ದಲ್ಲ. ಒಂದೇ ಉಸಿರಿನ ಮಾತು ಹೊರಗಿನ ಸಂಭಾಷಣೆಯಿಂದ ಒಳಗಿನ ಸಂಭಾಷಣೆಗೆ ದಾಟಿದ್ದು ಈ ಒಂದು ಅವ್ಯಯದ ಮೇಲೆ. ಗಜಲಿನ ಸಿದ್ಧ ಪದಗಳಾದ ಹಣತೆ, ಪತಂಗ, ಮಧುಪಾತ್ರೆಗಳಿಂದ ಉರ್ದು ಕವಿತೆಯನ್ನು ಬಿಡಿಸಿ ರೈಲು ಡಬ್ಬಿಯ ಆಡುಮಾತಿಗೆ ತಂದದ್ದು ಅಖ್ತರ್ ಅವರ ದೊಡ್ಡ ಕೊಡುಗೆ ಎಂದು ಎಲ್ಲರೂ ಒಪ್ಪುತ್ತಾರೆ. ಆ ಆಡುಮಾತನ್ನು ಅವರು ಪ್ರತಿದಿನ ಹತ್ತರಿಂದ ಐದರವರೆಗೆ ಎಲ್ಲಿ ಕೂತು ಕಡೆದು ಚೂಪು ಮಾಡುತ್ತಿದ್ದರು ಎಂಬ ಮುಂದಿನ ಪ್ರಶ್ನೆಯನ್ನು ಕೇಳಲು ಮಾತ್ರ ಹಿಂಜರಿಯುತ್ತಾರೆ.

ಕರ್ನಾಟಕಕ್ಕೂ ಈ ಕವಿಗೂ ಒಂದು ನಂಟಿದೆ, ಅದು ಕನ್ನಡ ವಿಮರ್ಶೆಯ ಕಣ್ಣಿಗೆ ಬಿದ್ದಂತಿಲ್ಲ. ಮಹಮೂದ್ ಅಯಾಜ್ ಬೆಂಗಳೂರಿನಿಂದ ನಡೆಸುತ್ತಿದ್ದ ‘ಸೌಗಾತ್’ (ಉಡುಗೊರೆ) ಉರ್ದು ನವ್ಯದ ಮುಖ್ಯ ಪತ್ರಿಕೆಗಳಲ್ಲಿ ಒಂದು. ಅಖ್ತರ್ ಅವರ ಆತ್ಮಕತೆ ‘ಇಸ್ ಆಬಾದ್ ಖರಾಬೇ ಮೇಂ’ ಪುಸ್ತಕವಾಗುವ ಮೊದಲು ಕಂತುಗಳಲ್ಲಿ ಅಚ್ಚಾದದ್ದು ಅದರಲ್ಲಿ. ಜನ ತುಂಬಿದ ಈ ಹಾಳೂರಿನಲ್ಲಿ ಎಂಬ ಅರ್ಥದ ಆ ಶೀರ್ಷಿಕೆಯ ಕೆಳಗೆ ಹಳ್ಳಿ, ಅನಾಥಾಲಯ, ಸ್ಟುಡಿಯೋಗಳು ಒಂದೇ ಬಾಳಿನ ಬೀದಿಗಳಾಗಿ ಬರುತ್ತವೆ. ವಿಮರ್ಶಕರು ಎಳೆದ ಗೋಡೆ ಅಲ್ಲಿ ಕಾಣುವುದಿಲ್ಲ.

ಅಖ್ತರ್ ಉಲ್ ಈಮಾನ್ ಇಪ್ಪತ್ತನೆಯ ಶತಮಾನದ ಉರ್ದುವಿನ ಮೊದಲ ಸಾಲಿನ ನಜ್ಮ್ ಕವಿ, ಮತ್ತು ಅವರನ್ನು ಆ ಸಾಲಿಗೆ ತಂದ ಗುಣ ಸಂಭಾಷಣಕಾರನ ಕಿವಿ. ‘ಮಸ್ಜಿದ್’ ಇರುವ ಎತ್ತರದಿಂದ ಒಂದೆರಡು ಮೆಟ್ಟಿಲು ಕೆಳಗಿಳಿಯಬೇಕು, ‘ದಾಸ್ನಾ ಸ್ಟೇಷನ್’ ಅಷ್ಟೇ ಮೇಲೇರಬೇಕು. ಅವರ ಸಮಗ್ರ ಕಾವ್ಯ ‘ಕುಲ್ಲಿಯಾತ್’ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಚಿನಾಯ್ ಸೇಠನಿಗೆ ಹೇಳಿದ ಮಾತಾಗಲಿ, ಕಾಳಿದಾಸ ಕಟಕಟೆಯಲ್ಲಿ ಆಡಿದ ಮಾತಾಗಲಿ ಅದರ ಒಂದು ಪುಟದಲ್ಲಿಯೂ ಇಲ್ಲ.